ಅಲೆಗೆ ಬೆನ್ನು ಕೊಟ್ಟ ತಾಂಡೇಲ

"ಗುರುಗಳೇ, ಮಾಡಿದ ತಪ್ಪಿಗೆ ಎಷ್ಟು ಪ್ರಾಯಶ್ಚಿತ್ತ ಮಾಡಿಕೊಂಡರೆ ಮನಸ್ಸು ಹಗುರಾಗುತ್ತದೆ?" ಎಂದು ನಾಗಭೂಷಣ ಕೇಳಿದ.

ಅವನು ಮಠಕ್ಕೆ ತಡವಾಗಿ ಬಂದ ಶಿಷ್ಯ. ಹಿಂದೊಮ್ಮೆ ಮದುವೆಯ ಮನೆಯಲ್ಲಿ, ನೆಂಟರೆಲ್ಲರ ಎದುರು, ಒಡಹುಟ್ಟಿದ ತಮ್ಮನನ್ನು ಕಳ್ಳ ಎಂದಿದ್ದ. ತಮ್ಮ ಏನನ್ನೂ ಕದ್ದಿರಲಿಲ್ಲ. ಉಣ್ಣುತ್ತಿದ್ದ ಎಲೆಯ ಮುಂದಿನಿಂದ ಎದ್ದು ಹೋದವನು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಆಮೇಲೆ ನಾಗಭೂಷಣ ವ್ರತ ಹಿಡಿದ. ತೀರ್ಥಗಳಲ್ಲಿ ಮಿಂದ. ಜಪ ಮಾಡಿದ. ತಮ್ಮನ ಬಾಗಿಲಿಗೆ ಮಾತ್ರ ಹೋಗಲಿಲ್ಲ. ಮನಸ್ಸು ಹಗುರಾಗಲಿಲ್ಲ.

ಗುರುಗಳು ಪ್ರಾಯಶ್ಚಿತ್ತದ ವಿಧಿ ಹೇಳಲಿಲ್ಲ. ಒಂದು ಕತೆ ಹೇಳಿದರು.

ಕಡಲ ತೀರದ ಒಂದು ಊರಿನಲ್ಲಿ ಒಬ್ಬ ತಾಂಡೇಲನಿದ್ದ. ಮೀನುಗಾರರ ದೋಣಿಯನ್ನು ನಡೆಸುವ ಯಜಮಾನನನ್ನು ಆ ಕಡೆ ತಾಂಡೇಲ ಎನ್ನುತ್ತಾರೆ. ಅವನು ಕಣ್ಣು ಹಾಯಿಸಿದರೆ ಸಾಕು, ದೋಣಿಯವರೆಲ್ಲ ಹಗ್ಗ ಹಿಡಿಯುತ್ತಿದ್ದರು. ಗಾಳಿಯ ವಾಸನೆಯಿಂದಲೇ ಮಳೆಯನ್ನು ಹೇಳುತ್ತಿದ್ದ. ಅವನ ದೋಣಿಯಲ್ಲಿ ಹೋದವರು ಎಲ್ಲರೂ ಮನೆಗೆ ಮರಳಿದ್ದರು.

ಅವನಿಗೆ ಒಬ್ಬಳೇ ಮಗಳು, ವಾರಿಜ. ಅವಳಿಗೂ ಕಡಲಿನ ಹುಚ್ಚು. ಚಿಕ್ಕವಳಿದ್ದಾಗಲೇ ದೋಣಿ ಹತ್ತುತ್ತೇನೆಂದು ಅಳುತ್ತಿದ್ದಳು. ತಾಂಡೇಲ ಅವಳನ್ನು ಎತ್ತಿ ದಡದಲ್ಲಿ ಇಳಿಸುತ್ತಿದ್ದ. ಹೆಣ್ಣುಮಕ್ಕಳು ಮೀನು ಮಾರಲಿ, ಬಲೆ ಹೆಣೆಯಲಿ, ನೀರಿಗೆ ಇಳಿಯುವುದು ಬೇಡ ಎನ್ನುತ್ತಿದ್ದ.

ವಾರಿಜ ಬೆಳೆದಳು. ಆ ತೀರಕ್ಕೆ ಯಾರೋ ಹೊರಗಿನವರು ಬಂದರು. ಅವರು ಉದ್ದನೆಯ ಹಲಗೆಯ ಮೇಲೆ ನಿಂತು ಅಲೆಯ ಜೊತೆ ದಡಕ್ಕೆ ಬರುತ್ತಿದ್ದರು. ಅದಕ್ಕೆ ಸರ್ಫಿಂಗ್ ಎಂದು ಹೆಸರು. ವಾರಿಜ ಅವರಿಂದ ಆ ವಿದ್ಯೆ ಕಲಿತಳು. ಅವರು ಊರು ಬಿಡುವಾಗ ಒಂದು ಹಳೆಯ ಹಲಗೆಯನ್ನು ಅವಳಿಗೆ ಕೊಟ್ಟು ಹೋದರು. ತಂದೆ ದೋಣಿಯಲ್ಲಿ ಹೋದಮೇಲೆ ಅವಳು ನೀರಿಗೆ ಇಳಿಯುತ್ತಿದ್ದಳು. ತಾಯಿಗೆ ಗೊತ್ತಿತ್ತು. ತಂದೆಗೆ ಗೊತ್ತಿರಲಿಲ್ಲ.

ಒಂದು ದಿನ ದೋಣಿ ಬೇಗ ಮರಳಿತು. ಮೀನು ಕೊಳ್ಳುವವರು, ಮಾರುವವರು, ಬಲೆ ಎಳೆಯುವವರು ಎಲ್ಲ ದಡದಲ್ಲಿದ್ದರು. ಅವರ ಕಣ್ಣೆದುರೇ ವಾರಿಜ ಅಲೆಯ ಮೇಲೆ ನಿಂತು ಬಂದಳು. ಯಾರೋ ಸಿಳ್ಳೆ ಹಾಕಿದರು. ಯಾರೋ ನಕ್ಕರು. ತಾಂಡೇಲ ಮನೆಗೆ ಹೋಗಿ ಕೊಡಲಿ ತಂದ. ಎಲ್ಲರ ಮುಂದೆ ಆ ಹಲಗೆಯನ್ನು ಕಡಿದು ಚೂರು ಮಾಡಿದ. ಮಗಳು ತಡೆಯಲಿಲ್ಲ, ಅಳಲಿಲ್ಲ. ಅವನು ಕಡಿದು ಮುಗಿಸುವ ತನಕ ನಿಂತು ನೋಡಿದಳು. ಆಮೇಲೆ ಒದ್ದೆ ಬಟ್ಟೆಯಲ್ಲೇ, ಊರ ಪಕ್ಕದ ಹೊಳೆ ದಾಟಿಸುವ ಕಡವಿನ ದೋಣಿ ಹತ್ತಿ ಆಚೆ ದಡದ ಚಿಕ್ಕಮ್ಮನ ಮನೆಗೆ ಹೋದಳು.

ಹೊಳೆಯ ಈಚೆ ತಂದೆ, ಆಚೆ ಮಗಳು. ವರ್ಷಗಳು ಕಳೆದವು. ಅವಳು ಇನ್ನೊಂದು ಹಲಗೆ ಸಂಪಾದಿಸಿದಳು. ಬಂದವರಿಗೆ ಕಲಿಸತೊಡಗಿದಳು. ಅದೇ ಅವಳ ಬದುಕಾಯಿತು. ತಾಯಿ ಹೊಳೆ ದಾಟಿ ಹೋಗಿ ಬರುತ್ತಿದ್ದಳು. ಮನೆಗೆ ಬಂದು ಮಗಳ ಸುದ್ದಿ ಹೇಳುತ್ತಿದ್ದಳು. ತಾಂಡೇಲ ಕೇಳಿಸಿಕೊಳ್ಳದವನಂತೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಅವನ ಮಂಡಿಗಳು ಸೋತವು. ದೋಣಿ ಬಿಟ್ಟು ದಡದಲ್ಲಿ ಕೂತ.

ಒಂದು ಮಳೆಗಾಲದ ಕೊನೆಯಲ್ಲಿ, ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ಒಂದು ದೋಣಿ ಮಗುಚಿತು. ಅದರಲ್ಲಿದ್ದವರು ದೋಣಿಯ ಬೆನ್ನನ್ನು ಹಿಡಿದುಕೊಂಡು ಕೂಗುತ್ತಿದ್ದರು. ಅಲ್ಲಿ ಮರಳ ದಿಬ್ಬ ಎದ್ದಿತ್ತು, ಅಲೆ ಅಡ್ಡಾದಿಡ್ಡಿ ಮುರಿಯುತ್ತಿತ್ತು. ಬೇರೆ ದೋಣಿಗಳು ಹತ್ತಿರ ಹೋಗಲಾರದೆ ದೂರದಲ್ಲೇ ಸುತ್ತಿದವು. ಊರೆಲ್ಲ ದಡಕ್ಕೆ ಓಡಿಬಂತು. ತಾಂಡೇಲನೂ ಬಂದ. ಕೈಲಾಗದೆ ನಿಂತ.

ಆಗ ಆಚೆ ದಡದಿಂದ ಒಂದು ಹಲಗೆ ಹೊರಟಿತು. ವಾರಿಜ ಅದರ ಮೇಲೆ ಬೋರಲಾಗಿ ಮಲಗಿ ಎರಡೂ ಕೈಗಳಿಂದ ನೀರು ಎಳೆಯುತ್ತ ಹೋದಳು. ಅಲೆ ಬಂದಾಗ ಹಲಗೆಯ ಸಮೇತ ಮುಳುಗಿ ಆಚೆ ಎದ್ದಳು. ಒಬ್ಬನನ್ನು ಹಲಗೆಯ ಮೇಲೆ ಎಳೆದುಕೊಂಡು ಬಂದು ಈಚೆ ದಡದಲ್ಲಿ ಬಿಟ್ಟಳು. ಮತ್ತೆ ಹೋದಳು. ಎಲ್ಲರನ್ನೂ ತಂದಳು. ಕೊನೆಯವನು ತಾಂಡೇಲನ ಹಳೆಯ ದೋಣಿಯಲ್ಲಿ ಜೊತೆಗೆ ದುಡಿದವನು. ಅವನನ್ನು ಮರಳಿನ ಮೇಲೆ ಮಲಗಿಸಿ ವಾರಿಜ ತಲೆಯೆತ್ತಿದಳು. ಗುಂಪಿನಲ್ಲಿ ತಂದೆ ಇದ್ದ. ಅವಳು ನೋಡುವ ಮೊದಲೇ ಅವನು ಜನರ ಹಿಂದೆ ಸರಿದುಕೊಂಡ.

ಮರುದಿನದಿಂದ ಜನ ಅವನ ಮನೆಗೆ ಬಂದರು. ಎಂಥ ಮಗಳನ್ನು ಹೆತ್ತಿರಿ ಎಂದರು. ಬದುಕಿ ಬಂದವರು ಕೈ ಮುಗಿದರು. ತಾಂಡೇಲ ಯಾರಿಗೂ ಉತ್ತರ ಕೊಡಲಿಲ್ಲ. ಜನ ಅದನ್ನು ದೊಡ್ಡತನ ಎಂದುಕೊಂಡರು. ಅದು ನಾಚಿಕೆ ಎಂದು ಅವನ ಹೆಂಡತಿಗೆ ಮಾತ್ರ ಗೊತ್ತಿತ್ತು.

ಅವನು ಒಗೆದ ಅಂಗಿ ತೊಟ್ಟು ಹೊಳೆ ದಾಟಿದ. ಮಗಳ ಬಾಗಿಲ ತನಕ ಹೋದ. ಏನು ಹೇಳಬೇಕೆಂದು ತಿಳಿಯದೆ ಹಿಂತಿರುಗಿದ. ಇನ್ನೊಮ್ಮೆ ಹೋದ. ಕಡವಿನಿಂದಲೇ ಹಿಂತಿರುಗಿದ. ಬಿರುಗಾಳಿಯಲ್ಲಿ ದೋಣಿಯವರಿಗೆ ಕೂಗಿ ಹೇಳುತ್ತಿದ್ದ ಗಂಟಲು ಅದು. ಈಗ ಒಂದು ಮಾತೂ ಹೊರಡುತ್ತಿರಲಿಲ್ಲ.

ಹೆಂಡತಿ ಹೇಳಿದಳು: "ಮಾತು ಬಾರದಿದ್ದರೆ ಬಿಡಿ. ಅವಳು ಬೆಳಿಗ್ಗೆ ಪಾಠ ಮಾಡುತ್ತಾಳೆ. ಯಾರು ಹೋದರೂ ಕಲಿಸುತ್ತಾಳೆ."

ತಾಂಡೇಲ ಮರುದಿನ ಬೆಳಿಗ್ಗೆ ಮತ್ತೆ ಕಡವಿಗೆ ಹೋದ. ದೋಣಿಯವನು ಎಲ್ಲಿಗೆಂದು ಕೇಳಿದ. "ಪಾಠಕ್ಕೆ" ಎಂದ. ದೋಣಿಯಲ್ಲಿದ್ದವರು ತಮಾಷೆ ಎಂದು ನಕ್ಕರು.

ವಾರಿಜಳ ಮುಂದೆ ಕಲಿಯುವವರು ಸಾಲಾಗಿ ನಿಂತಿದ್ದರು. ಎಲ್ಲರೂ ಪಟ್ಟಣದಿಂದ ಬಂದ ಹುಡುಗ ಹುಡುಗಿಯರು. ಸಾಲಿನ ಕೊನೆಯಲ್ಲಿ ತಂದೆಯನ್ನು ಕಂಡು ಅವಳ ಮಾತು ಅರ್ಧಕ್ಕೆ ನಿಂತಿತು. ಮತ್ತೆ ಶುರುವಾಯಿತು. ಎಲ್ಲರಿಗೂ ಹೇಳಿದ್ದನ್ನೇ ಅವನಿಗೂ ಹೇಳಿದಳು. ಎಲ್ಲರಿಗೂ ಕೊಟ್ಟಂಥ ಹಲಗೆಯನ್ನೇ ಕೊಟ್ಟಳು. ಹಲಗೆ ಕೈತಪ್ಪಿ ಹೋಗದಂತೆ ಅದರ ಹಗ್ಗವನ್ನು ಕಾಲಿಗೆ ಕಟ್ಟಬೇಕು. ಅದಕ್ಕಾಗಿ ಅವಳು ಅವನ ಪಾದದ ಬಳಿ ಬಗ್ಗಿದಳು. ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡ.

"ಕಟ್ಟಲೇಬೇಕು" ಎಂದಳು. ಅವನು ಕಾಲು ಚಾಚಿದ.

ಮೊದಲು ಮರಳಿನ ಮೇಲೆ ಅಭ್ಯಾಸ. ಹಲಗೆಯ ಮೇಲೆ ಬೋರಲಾಗಿ ಮಲಗಬೇಕು. ಎದೆಯ ಪಕ್ಕ ಅಂಗೈ ಊರಬೇಕು. ಒಂದೇ ನೆಗೆತಕ್ಕೆ ಎದ್ದು ನಿಲ್ಲಬೇಕು. ಹುಡುಗರು ಪುಟಿದು ನಿಂತರು. ತಾಂಡೇಲ ಒಂದು ಮಂಡಿ ಊರಿ, ಕೈ ಊರಿ, ನರಳಿ ಎದ್ದ. ಯಾರೋ ನಗು ತಡೆದುಕೊಂಡದ್ದು ಅವನಿಗೆ ಕೇಳಿಸಿತು. ನೀರಿಗೆ ಇಳಿದ ಮೇಲೆ ಏಳುವುದೂ ಆಗಲಿಲ್ಲ. ಮಲಗಿದ ಕೂಡಲೇ ಮಗುಚುತ್ತಿದ್ದ. ಹಲಗೆ ಹಗುರ ಎಂದ. ಇಲ್ಲಿಯ ಅಲೆ ಸರಿಯಿಲ್ಲ ಎಂದ. ಮಗಳು ಹಲಗೆಯನ್ನು ಮತ್ತೆ ಅವನ ಮುಂದೆ ಹಿಡಿದಳು.

ಅವನು ಬೀಳುವುದಕ್ಕೆ ಮಂಡಿಯೊಂದೇ ಕಾರಣವಲ್ಲ. ಮುರಿಯುವ ಅಲೆಗೆ ದೋಣಿಯ ಮೂತಿಯನ್ನು ಎದುರು ಹಿಡಿಯಬೇಕು. ಬೆನ್ನು ಕೊಟ್ಟರೆ ದೋಣಿ ಮಗುಚುತ್ತದೆ. ಅವನ ತಂದೆ ಅವನಿಗೆ ಕಲಿಸಿದ ಮೊದಲ ಪಾಠವೇ ಅದು. ಅದನ್ನು ಪಾಲಿಸಿದ್ದರಿಂದಲೇ ಅವನು ಬದುಕಿದ್ದ, ಅವನನ್ನು ನಂಬಿದವರು ಬದುಕಿದ್ದರು. ಇಲ್ಲಿ ಹಾಗಲ್ಲ. ಇಲ್ಲಿ ದಡಕ್ಕೆ ಮುಖ ಮಾಡಿ ಮಲಗಬೇಕು. ಅಲೆ ಬೆನ್ನ ಹಿಂದೆ ಬರುತ್ತದೆ. ಪ್ರತಿಸಲವೂ ಅಲೆಯ ಸದ್ದು ಕೇಳಿದೊಡನೆ ಅವನ ಕತ್ತು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ಕತ್ತು ತಿರುಗಿದ ಕಡೆಗೆ ಮೈ ವಾಲುತ್ತಿತ್ತು. ಹಲಗೆ ಮಗುಚುತ್ತಿತ್ತು.

"ಅಪ್ಪ, ಹಿಂದೆ ನೋಡಬೇಡಿ" ಎಂದಳು ವಾರಿಜ. ಎಷ್ಟೋ ವರ್ಷಗಳ ಮೇಲೆ ಅವಳು ಅವನನ್ನು ಅಪ್ಪ ಎಂದಿದ್ದಳು. "ಅಲೆಯನ್ನು ನಾನು ನೋಡುತ್ತೇನೆ. ನಾನು ಹೇಳಿದಾಗ ಏಳಿ."

"ನನ್ನ ಬೆನ್ನ ಹಿಂದಿನದನ್ನು ಬೇರೆಯವರು ನೋಡಿ ಅಭ್ಯಾಸವಿಲ್ಲ, ಮಗಾ."

"ಗೊತ್ತು" ಎಂದಳು.

ಅವನು ದಿನವೂ ಬಂದ. ದಿನವೂ ಬಿದ್ದ. ಕಣ್ಣಿಗೆ ಮೂಗಿಗೆ ಉಪ್ಪುನೀರು ನುಗ್ಗಿತು. ಪಕ್ಕೆಗೆ ಹಲಗೆ ಬಡಿದು ನೀಲಿಗಟ್ಟಿತು. ಅವನ ಜೊತೆ ಸೇರಿದ ಹುಡುಗರು ಕಲಿತು ಹೋದರು. ಹೊಸಬರು ಬಂದರು, ಅವರೂ ಕಲಿತು ಹೋದರು. ಈಚೆ ದಡದಲ್ಲಿ ಊರವರು ಕೂತು ನೋಡುತ್ತಿದ್ದರು. ಮುದುಕನಿಗೆ ಅರಳುಮರಳು ಎಂದರು. ಮಗಳು ದುಡಿಯುವ ಕಡೆ ಹೀಗೆ ಹೋಗಿ ಬೀಳುವುದು ಸರಿಯೇ ಎಂದು ಹೆಂಡತಿಯ ಬಳಿ ಬಂದು ಕೇಳಿದರು. ಅವಳು ಅವನ ಪಕ್ಕೆಗೆ ಹಚ್ಚಲು ಎಣ್ಣೆ ಬಿಸಿಮಾಡಿದಳು.

ಒಂದು ಬೆಳಿಗ್ಗೆ ತಾಂಡೇಲ ಹಲಗೆಯ ಮೇಲೆ ಮಲಗಿದ್ದ. ಮಗಳು ಎದೆಮಟ್ಟದ ನೀರಿನಲ್ಲಿ ಹಲಗೆಯ ಬಾಲ ಹಿಡಿದು ನಿಂತಿದ್ದಳು. ಹಿಂದೆ ಅಲೆ ಏಳುವ ಸದ್ದು ಕೇಳಿಸಿತು. ದೊಡ್ಡ ಅಲೆ ಎಂದು ಸದ್ದಿನಿಂದಲೇ ತಿಳಿಯಿತು. ಅವನ ಕತ್ತಿನ ನರ ಬಿಗಿಯಿತು. ಆದರೆ ಅವನು ತಿರುಗಲಿಲ್ಲ. ಗಲ್ಲವನ್ನು ಹಲಗೆಗೆ ಒತ್ತಿ ಹಿಡಿದ. ಕಣ್ಣು ದಡದ ಮೇಲಿತ್ತು, ಕಿವಿ ಮಗಳ ಮೇಲಿತ್ತು.

"ಈಗ!" ಎಂದಳು.

ಅವನು ಎದ್ದ. ಪೂರ್ತಿ ನಿಲ್ಲಲಿಲ್ಲ. ಬಗ್ಗಿದ ಮಂಡಿ ನೇರವಾಗಲಿಲ್ಲ, ಕೈಗಳು ಗಾಳಿಯಲ್ಲಿ ಏನನ್ನೋ ತಡಕಿದವು. ಹಾಗೆಯೇ ಸ್ವಲ್ಪ ದೂರ ಅಲೆ ಅವನನ್ನು ಹೊತ್ತುಕೊಂಡು ಹೋಯಿತು. ಆಮೇಲೆ ಬಿದ್ದ. ಎದ್ದು ಮೊಣಕಾಲುದ್ದ ನೀರಿನಲ್ಲಿ ನಿಂತ. ಮಗಳು ಓಡಿಬಂದಳು. ಅವನು ನಗುತ್ತಿದ್ದನೋ ಅಳುತ್ತಿದ್ದನೋ, ಮುಖವೆಲ್ಲ ನೀರಾಗಿದ್ದರಿಂದ ತಿಳಿಯುವಂತಿರಲಿಲ್ಲ.

ಗಂಟಲು ಆಗ ಬಿಟ್ಟಿತು.

"ಆ ದಿನ ನಿನ್ನ ಹಲಗೆ ಕಡಿದೆನಲ್ಲ, ಅದು ತಪ್ಪು" ಎಂದ.

"ಹೌದು, ತಪ್ಪು" ಎಂದಳು ವಾರಿಜ. ಹಲಗೆಯ ಹಗ್ಗ ಸುತ್ತಿಕೊಂಡಿತ್ತು. ಅದನ್ನು ಬಿಡಿಸುತ್ತ ನಿಂತಳು. "ನನಗೆ ಇನ್ನೂ ಸಿಟ್ಟಿದೆ, ಅಪ್ಪ."

"ಇರಲಿ. ನಾಳೆ ಬರಲೇ?"

"ಉಬ್ಬರದ ನೀರು ಇಳಿಯುವ ಮೊದಲು ಬನ್ನಿ."

ಅವನು ಮರುದಿನ ಹೋದ. ಅದರ ಮರುದಿನವೂ ಹೋದ. ಹಬ್ಬದ ಹೊತ್ತಿಗೆ ವಾರಿಜ ಒಮ್ಮೆ ಹೊಳೆ ದಾಟಿ ಬಂದಳು. ತಾಯಿ ಬಡಿಸಿದಳು. ತಂದೆ ಮಗಳು ಅಕ್ಕಪಕ್ಕ ಕೂತು ಉಂಡರು. ಮಾತು ಹೆಚ್ಚಿರಲಿಲ್ಲ. ಅಲೆಯ ಬಗ್ಗೆ, ಗಾಳಿಯ ಬಗ್ಗೆ ಒಂದೆರಡು ಮಾತು. ಅವಳು ಕೈ ತೊಳೆದು, ಆಚೆ ಕೆಲಸವಿದೆ ಎಂದು ಹೊರಟಳು. ಮತ್ತೆ ಯಾವಾಗ ಬರುತ್ತೀ ಎಂದು ತಾಯಿ ಕೇಳಿದಳು. ನೋಡೋಣ ಎಂದಳು. ತಾಂಡೇಲ ಅವಳನ್ನು ಕಡವಿನ ತನಕ ಬಿಟ್ಟು ಬಂದ. ಬೆಳಿಗ್ಗೆ ಎಂದಿನಂತೆ ಪಾಠಕ್ಕೆ ಹೊರಟ.

ಗುರುಗಳು ನಿಲ್ಲಿಸಿದರು.

ನಾಗಭೂಷಣ ಕಾದ. ಕತೆ ಇನ್ನೂ ಮುಂದಿದೆ ಎಂದುಕೊಂಡಿದ್ದ. ಕೊನೆಗೆ ಅವನೇ ಕೇಳಿದ:

"ಗುರುಗಳೇ, ಮಗಳು ಅವನನ್ನು ಕ್ಷಮಿಸಿದಳೇ?"

"ಅದನ್ನು ಅವನು ಒಂದು ದಿನವೂ ಕೇಳಲಿಲ್ಲ, ನಾಗಭೂಷಣ."