ನಾಳೆಗೆ ಉಳಿಸಬಾರದ ಟಗರು

ತುಂಗಭದ್ರೆಯ ದಂಡೆಯಲ್ಲಿದ್ದ ಪುಟ್ಟ ಕ್ರೈಸ್ತ ಆಶ್ರಮಕ್ಕೆ ಒಂದು ಮುಂಜಾನೆ ಹನೋಕ ಟಗರು ಎಳೆದುಕೊಂಡು ಬಂದ. ಅವನು ಗುರು ಆಮೋಸಯ್ಯನವರ ಬಳಿ ಬೈಬಲ್ ಓದುತ್ತಿದ್ದ ಶಿಷ್ಯ, ಪಕ್ಕದ ಊರಿನವನು. ಜ್ವರ ಬಂದು ಸಾವಿನ ದವಡೆಗೆ ಹೋಗಿದ್ದ ಅವನ ಮಗಳು ರೂತ ಈಗ ಎದ್ದು ಓಡಾಡುತ್ತಿದ್ದಳು.

"ದೇವರಿಗೆ ತಂದೀನ್ರಿ ಗುರುಗಳ," ಎಂದ. "ಆದ್ರ ಹೆಂಗ ಕೊಡೂದಂತ ತಿಳೀವಲ್ದು."

"ಓದಿ ನೋಡಲಿಲ್ಲೇನು?"

"ಓದೇ ಕೆಟ್ಟೆರಿ. ಯಾಜಕಕಾಂಡದಾಗ ಒಂದು ಬಲಿ ಪೂರಾ ಸುಡೂದು, ಒಂದು ಪಾಪಕ್ಕ, ಒಂದು ಸಮಾಧಾನಕ್ಕ. ಹೊಸ ಒಡಂಬಡಿಕಿ ನೋಡಿದ್ರ, ಯೇಸುಸ್ವಾಮಿ ಎಲ್ಲಾರ ಸಲುವಾಗಿ ಒಂದ ಸಲಕ್ಕ ಬಲಿಯಾದ, ಇನ್ನ ಬಲಿ ಬ್ಯಾಡ ಅಂತೈತಿ. ಹಂಗಾರ ಈ ಟಗರು ಯಾತಕ್ಕರಿ?"

"ಪಾಪದ್ದು ಅವ ತೀರಿಸಿದ," ಎಂದರು ಗುರುಗಳು. "ಉಪಕಾರ ನೆನೆಯೂದು ನಿನಗ ಬಿಟ್ಟಾನ."

ಹನೋಕನಿಗೆ ಏನೂ ಹೊಳೆಯಲಿಲ್ಲ. ಆದರೂ ತಲೆಯಾಡಿಸಿದ. ಶಿಷ್ಯರ ಹಳೇ ಚಾಳಿ ಅದು.

"ಸುಗ್ಗಿ ಹಬ್ಬದಾಗ ಸಭೆಯವರು ಮಾಡೂವಂಗ ಇದನ್ನ ಸವಾಲಿಗಿಟ್ಟು ಮಾರಲೇನ್ರಿ? ಬಂದ ರೊಕ್ಕ ಕಾಣಿಕಿ ಪೆಟ್ಟಿಗಿಗೆ ಹೋಗ್ತೈತಿ."

"ಅಡಗಿ ಮಾಡು."

"ಯಾರಿಗ್ರಿ?"

"ಉಪಕಾರದ ಬಲಿ ಕೊಟ್ಟವನೂ ಉಣ್ಣಬೇಕು. ಕೊಟ್ಟ ದಿನಾನ ಉಣ್ಣಬೇಕು. ಮರುದಿನ ಮುಂಜಾನಿತನಕ ಏನೂ ಉಳಸಬಾರದು. ಹಂಗ ಬರದೈತಿ."

ದೇವರಿಗೆ ಕೊಟ್ಟದ್ದನ್ನು ತಾನೇ ಉಣ್ಣುವುದು ಎಂಥ ಕೊಡುಗೆ? ತಲೆ ಕೆರೆದುಕೊಳ್ಳುತ್ತಲೇ ಹನೋಕ ಟಗರು ಕೊಯ್ದು ಆಶ್ರಮದ ಅಂಗಳದಲ್ಲಿ ಹಂಡೆ ಇಟ್ಟ. ಅವನು ಉಂಡ, ಹೆಂಡತಿ ಮಗಳು ಉಂಡರು. ಹಂಡೆಯ ತಳ ಕಾಣಲಿಲ್ಲ. ಮಿಕ್ಕ ಹಸಿ ಮಾಂಸವನ್ನು ಸೀಳಿ, ಉಪ್ಪು ಹಚ್ಚಿ, ಹಗ್ಗದ ಮೇಲೆ ಒಣಗಲು ಹಾಕಿದ.

ಗುರುಗಳು ಬಂದು ಹಗ್ಗ ಬಿಚ್ಚಿ ಅಷ್ಟನ್ನೂ ಹಂಡೆಗೆ ಸುರಿದರು.

"ದೇವರಿಗೆ ಕೊಟ್ಟು ಮಳಿಗಾಲಕ್ಕ ಇಟ್ಕೊಂಡ್ಯೇನು?"

"ಒಬ್ಬ ಎಷ್ಟಂತ ತಿನ್ಲಿರಿ ಗುರುಗಳ?"

"ನಾನೂ ಅದನ್ನ ಕೇಳಾಕತ್ತೀನಿ."

ಹನೋಕ ಊರಿಗೆ ಹೋಗಿ ಮನೆ ಮನೆ ಕರೆದ. ಅಂಬಿಗರ ಕೇರಿಯವರು ಮಕ್ಕಳು ಮರಿ ಸಮೇತ ಬಂದರು. ದಾರಿಯಲ್ಲಿ ಹೋಗುತ್ತಿದ್ದ ಬಳೆಗಾರನೂ ಕೂತ.

"ಹನೋಕ ಕರದು ಉಣ್ಣಾಕ ಹಾಕ್ತಾನಂದ್ರ ಹೊಳಿ ಹಿಂದಕ್ಕ ಹರದಂಗ," ಎಂದು ಒಬ್ಬ ಮುದುಕಿ ನಗಿಸಿದಳು. ಹನೋಕನೂ ನಕ್ಕ. ಇದು ಆರಾಧನೆಯೋ ಬೀಗರ ಊಟವೋ ಅವನಿಗೆ ಗೊತ್ತಾಗಲಿಲ್ಲ, ಆದರೆ ಖುಷಿಯಾಗಿತ್ತು.

ಹೊತ್ತು ಮುಳುಗುವಾಗ ಉಳಿದದ್ದನ್ನು ಒಂದು ಗಡಿಗೆಗೆ ತುಂಬಿಕೊಂಡು ಗುರುಗಳ ಮುಂದೆ ಇಟ್ಟ.

"ಇಷ್ಟು ಉಳೀತ್ರಿ. ಕರಿಯಾಕ ಇನ್ನ ಯಾರೂ ಇಲ್ಲ."

"ಯಾರೂ?"

ಹನೋಕ ನೆಲ ನೋಡಿದ. "ನಮ್ಮೂರ ಗಿದ್ಯೋನ ಒಬ್ಬ ಅದಾನ್ರಿ. ಕೂಸಿಗೆ ಜ್ವರ ಏರಿದಾಗ ದವಾಖಾನಿಗೆ ಒಯ್ಯಾಕ ಬಂಡಿ ಕೇಳಿದೆ. ಎತ್ತು ದಣದಾವು ಅಂತ ಒಳಗಿಂದ ಹೇಳಿದ, ಬಾಗಲಾ ಸೈತ ತಗೀಲಿಲ್ಲ. ಹೆಗಲ ಮ್ಯಾಲ ಹೊತ್ಕೊಂಡು ಓಡೀನ್ರಿ ನಾನು. ಅದ ಕೂಸು ಉಳದದ್ದಕ್ಕ ಮಾಡಿದ ಊಟ, ಅವನಿಗೆ ಹೆಂಗ ಹಾಕ್ಲಿ?"

ಅವನ ಸಿಟ್ಟು ಇನ್ನೂ ಹಸಿಯಾಗಿಯೇ ಇತ್ತು.

"ಹಾಕಬ್ಯಾಡ," ಎಂದರು ಗುರುಗಳು. "ಉಳದದ್ದನ್ನ ಸುಟ್ಟುಬಿಡಬೇಕು ಅಂತಾನೂ ಬರದೈತಿ." ಒಳಗೆ ಹೋಗಿ ಬೆಂಕಿಪೊಟ್ಟಣ ತಂದು ಅವನ ಕೈಗಿಟ್ಟರು.

ಹನೋಕ ಪುಳ್ಳೆ ಕೂಡಿಸಿದ. ಕಡ್ಡಿ ಗೀರಿದ, ಅದು ಆರುವವರೆಗೂ ಹಿಡಿದುಕೊಂಡೇ ನಿಂತ. ಉಣ್ಣುವುದನ್ನು ಸುಡಲು ಮನಸ್ಸು ಬರಲಿಲ್ಲ, ಗಿದ್ಯೋನನ ಬಾಗಿಲು ಬಡಿಯಲು ಕಾಲು ಬರಲಿಲ್ಲ. ಗಡಿಗೆ ಅವನ ಪಾಲಿಗೆ ಬಿಸಿ ತುಪ್ಪವಾಗಿತ್ತು.

"ಸುಟ್ಟರ ದೇವರಿಗೆ ಮುಟ್ಟತೈತೇನ್ರಿ ಗುರುಗಳ?"

ಆಮೋಸಯ್ಯನವರು ಕಣ್ಣಿಗೆ ಕೈ ಅಡ್ಡ ಹಿಡಿದು ಊರಿನ ಕಡೆ ನೋಡಿ ಹೊಗೆ ಹುಡುಕಿದರು.

"ಗಿದ್ಯೋನನ ಮನ್ಯಾಗ ಇನ್ನೂ ಒಲಿ ಹೊತ್ತಿಲ್ಲ."