ಹಸಿರು ದೀಪಕ್ಕೆ ಕಾದ ಗಾದಿಲಿಂಗ

ಕೇಳ್ರಪ್ಪ, ಸುಂಕಮ್ಮಗೆ ಒಬ್ಬನೇ ಮಗ, ಗಾದಿಲಿಂಗ. ಗಂಡ ತೀರಿಕೊಂಡ ಮೇಲೆ ಅವನಿಗೆ ಅವಳು, ಅವಳಿಗೆ ಅವನು. ಹುಡುಗ ಒಳ್ಳೆಯವನೇ. ಆದರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. 'ಹಾಲು ಉಕ್ತದ, ನೋಡೋ' ಅಂದರೆ ಕಣ್ಣು ಮಿಟುಕಿಸದೆ ನೋಡೋನು. ಹಾಲೆಲ್ಲ ಒಲೆ ಪಾಲಾದ ಮೇಲೆ, "ನೋಡಿದೆನವ್ವ, ಭಾಳ ಚಂದ ಉಕ್ತು!" ಅನ್ನೋನು.

"ನಾ ಹೋದ ಮೇಲೆ ನಿನ್ನ ಗತಿ ಏನೋ!" ಅಂತ ತಾಯಿ ಹಣೆ ಹಣೆ ಚಚ್ಚಿಕೊಳ್ಳೋಳು.

ಅಷ್ಟರಲ್ಲಿ ಉಕ್ಕಿನ ಕಾರ್ಖಾನೆಯವರು ಸುತ್ತಲ ಹಳ್ಳಿ ಹುಡುಗರನ್ನ ತರಬೇತಿಗೆ ಕರೆದರು. ಅಲ್ಲೇ ಊಟ, ಅಲ್ಲೇ ವಾಸ, ಕಲಿತವರಿಗೆ ಕೆಲಸ.

"ಅಲ್ಲೇನು ಉಕ್ತದವ್ವ?"

"ಕಬ್ಬಿಣ ಉಕ್ತದ! ಹೋಗು. ಕಿವಿ ತೆರೆದಿಟ್ಕೊಂಡಿರು, ಸಾಕು."

ಹೋದ. ಕಾರ್ಖಾನೆ ಮಳೆಮೋಡದ ಹಾಗೆ ಗುಡುಗುತ್ತಿತ್ತು. ಎಲ್ಲರೂ ಕಿವಿಗೆ ಪ್ಲಗ್ಗು ಇಟ್ಟುಕೊಂಡರು. ಇವನು ಒಲ್ಲೆ ಅಂದ. "ಅವ್ವ ತೆರೆದಿಡು ಅಂದಾಳ!" ಸಂಜೆಗೆ ಕಿವಿ ಗುಂಯ್ ಅಂತ, ಕೂಗಿ ಹೇಳಿದರಷ್ಟೇ ಕೇಳೋದು.

"ಅಯ್ಯೋ ಪೆದ್ದ!" ಅಂತ ಬೈದ, ಕಲಿಸೋ ಮೇಸ್ತ್ರಿ ಎರ್ರಿಸ್ವಾಮಿ. "ಗದ್ದಲ ಇದ್ದಲ್ಲಿ ಕಿವಿ ಮುಚ್ಚಬೇಕು!"

"ಹಂಗೇ ಆಗ್ಲಿ, ಮೇಸ್ತ್ರಿ."

ಮರುದಿನ ಕಾರ್ಖಾನೆಯ ದೊಡ್ಡ ಸಾಹೇಬರು ಪಾಠ ಹೇಳೋಕೆ ಬಂದರು. ದೊಡ್ಡ ಗಂಟಲು ಅವರದು. ಗಾದಿಲಿಂಗ ಎರಡೂ ಕಿವಿಗೆ ಪ್ಲಗ್ಗು ತುರುಕಿಕೊಂಡು ಕೂತ.

"ಥೂ ನಿನ್ನ! ದೊಡ್ಡವರು ಮಾತಾಡಿದರೆ ಕಿವಿಗೊಟ್ಟು ಕೇಳಬೇಕು, ಹೂಂ ಅನ್ನಬೇಕು!" ಅಂತ ಪ್ಲಗ್ಗು ಕಿತ್ತು ಬೈದ ಮೇಸ್ತ್ರಿ.

"ಹಂಗೇ ಆಗ್ಲಿ, ಮೇಸ್ತ್ರಿ."

ಆದರೆ ಇವನ ಜೀವ ಅಲ್ಲಿರಲಿಲ್ಲ. ಮುಂಜಾನೆ ಎದ್ದರೆ ಅವ್ವ ರೊಟ್ಟಿ ಬಡಿಯೋ ಸಪ್ಪಳ ಇಲ್ಲ. ಅನ್ನದ ತಾಟಿನ ಮುಂದೆ ಕೂತರೆ 'ಇನ್ನೊಂದು ತುತ್ತು ಉಣ್ಣೋ' ಅನ್ನೋರಿಲ್ಲ. ಹಾಸ್ಟೆಲಿನ ಗೋಡೆ ಹತ್ತಿ ಊರಿನ ದಿಕ್ಕು ನೋಡೋನು. ಹೊಗೆಯೇ ಕಾಣೋದು.

ಒಂದಿನ ಸಾಹೇಬರು ಕಂಡು ಕೇಳಿದರು, "ಏನಪ್ಪ, ಅವ್ವನ ನೆನಪಾಗ್ತದೇನು?"

"ಹೂಂ."

"ಇಲ್ಲಿರೋಕೆ ಬ್ಯಾಸರವೇನು?"

"ಹೂಂ."

"ಕೆಲಸ ಬಿಟ್ಟು ಹೋಗ್ತೀಯೇನು?"

"ಹೂಂ!"

"ಹಾಗಾದರೆ ಇವನ ಹೆಸರು ಹೊಡೆದು ಹಾಕ್ರಿ!" ಅಂದರು ಸಾಹೇಬರು.

ಎರ್ರಿಸ್ವಾಮಿ ಓಡಿಬಂದ. "ಸಾಹೇಬ್ರೇ, ಹೂಂ ಅನ್ನು ಅಂದವನು ನಾನೇ! ಇವನದೇನೂ ತಪ್ಪಿಲ್ಲ!" ಅಂತ ಕೈಮುಗಿದು ಉಳಿಸಿಕೊಂಡ. ಆಮೇಲೆ ಪಕ್ಕಕ್ಕೆ ಕರೆದು, "ಲೇ, ನಿನಗೆ ಒಂದೇ ಮಾತು ಹೇಳ್ತೀನಿ. ಬಾಗಿಲ ಮೇಲೆ ಕೆಂಪು ದೀಪ ಇದ್ದರೆ ನಿಲ್ಲು. ಹಸಿರು ಬಂದರೆ ಒಳಗೆ ಹೋಗು. ನಡುವೆ ಯಾರು ಕರೆದರೂ ಕಾಲು ಕೀಳಬ್ಯಾಡ!"

ಅದೊಂದು ಮಾತು ಸರಿಹೋಯ್ತು ನೋಡ್ರಿ! ಕರಗಿದ ಕಬ್ಬಿಣ ತುಂಬಿದ ಕುಂಡ ಕ್ರೇನಿನಲ್ಲಿ ತೇಲಿಹೋಗುವಾಗ ಬಾಗಿಲಿಗೆ ಕೆಂಪು ದೀಪ ಹತ್ತುತ್ತಿತ್ತು. ಗಾದಿಲಿಂಗ ಕಂಬದ ಹಾಗೆ ನಿಲ್ಲೋನು, ಬೇರೆಯವರನ್ನೂ ಅಂಗಿ ಹಿಡಿದು ನಿಲ್ಲಿಸೋನು. ಸಾಹೇಬರು ಮೆಚ್ಚಿ ಕೆಲಸ ಕಾಯಂ ಮಾಡಿದರು, ದೀಪಾವಳಿಗೆ ರಜೆ ಕೊಟ್ಟರು.

ಸುದ್ದಿ ತಿಳಿದು ಸುಂಕಮ್ಮಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಗನಿಗೆ ದೂರದಿಂದಲೇ ಮನೆ ಕಾಣಲಿ ಅಂತ ಪೇಟೆಯಿಂದ ಬಲ್ಬಿನ ಸರ ತಂದು ಬಾಗಿಲಿಗೆ ಹಾಕಿಸಿದಳು. ಎಲ್ಲ ಕೆಂಪು!

ಸಂಜೆ ಬಸ್ಸಿಳಿದವನೇ ಗಾದಿಲಿಂಗ ಓಡಿದ. ಓಡಿಬಂದು ಬಾಗಿಲೆದುರು ಗಕ್ಕನೆ ನಿಂತ.

"ಬಂದ್ಯೇನೋ ನನ್ನಪ್ಪ! ಒಳಗ ಬಾರೋ!"

"ಕೆಂಪು ಐತವ್ವ! ಬರಂಗಿಲ್ಲ!"

"ಕೆಂಪಿದ್ದರೇನೋ? ಬಿಸಿ ರೊಟ್ಟಿ ಮಾಡೀನಿ, ಬಾರೋ!"

"ಯಾರು ಕರೆದರೂ ಬರಂಗಿಲ್ಲ! ಹಸಿರು ಬರ್ಲಿ!"

ಕರೆದಳು, ಬೈದಳು, ಅತ್ತಳು. ಇವನೂ ಅತ್ತ. ಅಳುತ್ತ ನಿಂತಲ್ಲೇ ನಿಂತ. ದೀಪ ಆರಿಸಬಹುದು ಅಂತ ತಾಯಿಗಾದರೂ ಹೊಳೀಬೇಡವಾ? ಹೊಳೀಲಿಲ್ಲ. ಕಡೆಗೆ ರೊಟ್ಟಿ ತಾಟು ಹಿಡಿದು ಅವಳೇ ಹೊರಗೆ ಬಂದಳು, ಬೀದಿಯಲ್ಲೇ ಮಗನ ಪಕ್ಕ ಕೂತಳು.

ಗಾದಿಲಿಂಗ ಹೌಹಾರಿದ. "ಅವ್ವಾ! ಕೆಂಪು ದೀಪ ದಾಟಿ ಬಂದಿಯಲ್ಲ! ಮೇಸ್ತ್ರಿ ಬೈತಾರ!"

"ಬೈಲಿ ಬಿಡೋ," ಅಂದಳು ಸುಂಕಮ್ಮ. ರೊಟ್ಟಿ ಮುರಿದು ಮಗನ ಬಾಯಿಗಿಟ್ಟಳು.