ಎತ್ತಿಗೆ ಮುಟ್ಟದ ಕಾಯ್ದೆ

ನೆಲದಲ್ಲಿ ಗೂಡು ಮಾಡುವ ಹಕ್ಕಿಗಳೆಲ್ಲ ಸೇರಿ ಗೌಜಲಹಕ್ಕಿಯನ್ನು ಆರಿಸಿ, ಪ್ರಾಣಿಗಳ ಮಹಾಸಭೆಗೆ ಕಳಿಸಿದ್ದವು. ಅದರ ಅವಧಿ ಮುಗಿಯಿತು. ಮತ್ತೊಮ್ಮೆ ಆಯ್ಕೆ ಬಯಸಿದ ಗೌಜಲಹಕ್ಕಿ ಹೊಲದ ಬದುವಿನ ಮೇಲೆ ನಿಂತು ತನ್ನ ಕೆಲಸದ ವರದಿ ಒಪ್ಪಿಸಿತು.

"ಬಂಧುಗಳೇ, ದೊಡ್ಡವರೆಲ್ಲ ನಕ್ಕರೂ ಬಿಡದೆ ವಾದಿಸಿ ಕಾಯ್ದೆ ತಂದಿದ್ದೇನೆ. ಉಳುವ ಎತ್ತು ಮೊಟ್ಟೆಯಿರುವ ಗೂಡನ್ನು ತುಳಿಯದೆ ಸುತ್ತಿ ಬಳಸಿ ಹೋಗತಕ್ಕದ್ದು."

ಹಕ್ಕಿಗಳು ತಲೆದೂಗಿದವು. ಹಿಂದೆ ಕೂತಿದ್ದ ಲಾವಕ್ಕಿ ಮಾತ್ರ, "ಸಂತೋಷ ಅಕ್ಕಾ. ಹೋದ ಮುಂಗಾರಿನಲ್ಲಿ ನನ್ನ ಮೊಟ್ಟೆಗಳು ಎತ್ತಿನ ಗೊರಸಿಗೆ ಸಿಕ್ಕಿದ್ದು ಕಾಯ್ದೆ ಆಗುವ ಮೊದಲೋ, ಆದಮೇಲೋ?" ಎಂದು ಕೇಳಿತು.

"ಆದಮೇಲೆ," ಎಂದಿತು ಗೌಜಲಹಕ್ಕಿ, ದನಿ ತಗ್ಗಿಸಿ.

"ಹಾಗಾದರೆ ಎತ್ತಿಗೆ ಹೇಳಿದವರು ಯಾರು?"

ಮಹಾಸಭೆಯಲ್ಲಿ ಗೌಜಲಹಕ್ಕಿ ಆನೆಗೆ ಹೇಳಿತ್ತು, ಹುಲಿಗೆ ಹೇಳಿತ್ತು. ಕೊಟ್ಟಿಗೆಯ ಕಡೆ ಒಂದು ದಿನವೂ ತಲೆ ಹಾಕಿರಲಿಲ್ಲ. ಅಷ್ಟರಲ್ಲಿ ಹೊಲದ ಆಚೆ ತುದಿಯಿಂದ ನೇಗಿಲು ಹೊರಟಿತು. ಲಾವಕ್ಕಿಯ ಹೊಸ ಗೂಡು ಅದೇ ಸಾಲಿನಲ್ಲಿತ್ತು. ಗೌಜಲಹಕ್ಕಿ ಬದುವಿನಿಂದ ಇಳಿಯಿತು.

"ಮತ ಹಾಕುವ ಹೊತ್ತು ಇದು. ಈಗ ನೀನು ಎದ್ದು ಹೋದರೆ ನಿನ್ನೆದುರು ನಿಂತಿರುವ ನವಿಲು ಗೆಲ್ಲುತ್ತದೆ," ಎಂದು ಗೆಳೆಯರು ತಡೆದರು.

"ಗೆಲ್ಲಲಿ," ಎಂದು ಅದು ಓಡಿಹೋಗಿ ಗೂಡಿನ ಮುಂದೆ ರೆಕ್ಕೆ ಹರಡಿ ನಿಂತಿತು. "ಬಸವಣ್ಣ, ಇಲ್ಲಿ ಮೊಟ್ಟೆಗಳಿವೆ. ದಯಮಾಡಿ ಸುತ್ತಿ ಬಳಸಿ ಹೋಗು."

ಎತ್ತು ನಿಂತಿತು. "ಇಷ್ಟು ದಿನ ಯಾರೂ ನನಗೆ ಹೇಳಲಿಲ್ಲವಲ್ಲ, ತಾಯಿ," ಎಂದು, ಜೋಡಿಯನ್ನೂ ಎಳೆದುಕೊಂಡು ಒಂದು ಮಾರು ಪಕ್ಕಕ್ಕೆ ಸರಿದು ನಡೆಯಿತು.